ಬಿಡುಗಡೆಗೆ ಮೊದಲೇ ಗೇಮ್ ಮೇಲೆ ಟೀಕೆ ಶುರುವಾದರೆ ಏನು ಮಾಡಬೇಕು? ಹಂತ ಹಂತದ ಮಾರ್ಗದರ್ಶಿ

ಟ್ರೈಲರ್ ಹೊರಗೆ ಬಂದಿದೆ. ಎರಡೇ ಗಂಟೆಯಲ್ಲಿ ಕಮೆಂಟುಗಳೆಲ್ಲ ಒಂದೇ ಮಾತು ಹೇಳತೊಡಗುತ್ತವೆ: "ಇದೇನಿದು, ಹಳೇ ಗೇಮ್ ಥರ ಇದೆ." ತಂಡದಲ್ಲಿ ಯಾರೋ ಒಬ್ಬರಿಗೆ ತಡೆಯೋಕಾಗಲ್ಲ. ರಾತ್ರಿ ಹನ್ನೊಂದಕ್ಕೆ ತಮ್ಮ ಸ್ವಂತ ಖಾತೆಯಿಂದ ಖಾರವಾಗಿ ಒಂದು ಉತ್ತರ ಬರೆಯುತ್ತಾರೆ. ಬೆಳಗಾಗುವಷ್ಟರಲ್ಲಿ ಟ್ರೈಲರ್ ಮಾತು ಬದಿಗೆ ಸರಿದು, ಆ ಉತ್ತರವೇ ಸುದ್ದಿಯಾಗಿರುತ್ತದೆ.

ಎಡವಟ್ಟು ಪ್ರತಿ ಸಲವೂ ಹೀಗೇ ಆಗುತ್ತದೆ. ತಂಡಗಳು ಮೊದಲು ಮಾತಾಡುತ್ತವೆ, ಆಮೇಲೆ ಏನು ಮಾಡಬೇಕೆಂದು ಯೋಚಿಸುತ್ತವೆ. ಕ್ರಮ ತಿರುಗಿಸಬೇಕು. ಓದಿ, ಬರೆದಿಡಿ, ವಿಂಗಡಿಸಿ, ಕಾರಣ ಹುಡುಕಿ, ತೀರ್ಮಾನ ಮಾಡಿ, ಆಮೇಲೆ ಬಾಯಿ ಬಿಡಿ. ಕೆಳಗಿನ ಹಂತಗಳು ಇದೇ ಕ್ರಮದಲ್ಲಿವೆ. ನಡುವೆ ಒಂದನ್ನು ಹಾರಿಸಿದರೆ ಮುಂದಿನದು ಕೈಕೊಡುತ್ತದೆ.

## ಮೊದಲು ಕೈಯಲ್ಲಿ ಇರಬೇಕಾದ್ದು

ದೊಡ್ಡ ಸಾಫ್ಟ್‌ವೇರ್ ಏನೂ ಬೇಡ. ಎಲ್ಲರೂ ತೆರೆಯಬಹುದಾದ ಒಂದು ಸ್ಪ್ರೆಡ್‌ಶೀಟ್ ಸಾಕು. ಅದರ ಜೊತೆ ಇನ್ನು ಮೂರು ಬೇಕು. ಇವನ್ನು ಟ್ರೈಲರ್ ಹಾಕುವ ಮುಂಚೆಯೇ ಸಿದ್ಧ ಮಾಡಿ. ಗಲಾಟೆ ಎದ್ದ ಮೇಲೆ ಇವನ್ನು ಮಾಡಲು ಪುರುಸೊತ್ತು ಸಿಗುವುದಿಲ್ಲ.

ಒಂದು, ನೀವು ಇದುವರೆಗೆ ಕೊಟ್ಟ ಮಾತುಗಳ ಪಟ್ಟಿ. ಹಳೆಯ ಟ್ರೈಲರ್, ಸ್ಟೋರ್ ಪೇಜ್, ಸಂದರ್ಶನ, ಲೈವ್‌ನಲ್ಲಿ ಬಾಯಿತಪ್ಪಿ ಹೇಳಿದ್ದು, ಎಲ್ಲವೂ ಇದರಲ್ಲಿರಲಿ. "ನಾಲ್ಕು ಜನ ಸೇರಿ ಆಡಬಹುದು" ಎಂದು ಎರಡು ವರ್ಷದ ಹಿಂದೆ ಯಾರು, ಎಲ್ಲಿ ಹೇಳಿದ್ದರು ಎಂಬುದು ನಿಮಗೆ ಮರೆತಿರುತ್ತದೆ. ಆಟಗಾರರಿಗೆ ಮರೆತಿರುವುದಿಲ್ಲ.

ಎರಡು, ಯಾವ ದಿನದ ನಂತರ ಯಾವುದನ್ನು ಮುಟ್ಟುವಂತಿಲ್ಲ ಎಂಬ ಕ್ಯಾಲೆಂಡರ್. ಧ್ವನಿಮುದ್ರಣ ಮುಗಿಯುವ ದಿನ, ಅನುವಾದಕ್ಕೆ ಪಠ್ಯ ಕಳಿಸುವ ದಿನ, ಕನ್ಸೋಲ್ (ಟಿವಿಗೆ ಜೋಡಿಸಿ ಆಡುವ ಯಂತ್ರ) ಕಂಪನಿಗೆ ಪರೀಕ್ಷೆಗೆ ಬಿಲ್ಡ್ (ಗೇಮ್‌ನ ಆ ಹೊತ್ತಿನ ಆವೃತ್ತಿ) ಕಳಿಸುವ ದಿನ, ವಿಮರ್ಶಕರಿಗೆ ಕೀ (ಗೇಮ್ ತೆರೆಯುವ ಕೋಡ್) ಕೊಡುವ ದಿನ. "ಇದನ್ನು ಸರಿಮಾಡೋಕಾಗುತ್ತಾ?" ಎಂಬ ಪ್ರಶ್ನೆಗೆ ಅರ್ಧ ಉತ್ತರ ಈ ಕ್ಯಾಲೆಂಡರ್‌ನಲ್ಲೇ ಇರುತ್ತದೆ.

ಮೂರು, ಎರಡು ಹೆಸರು. ತೀರ್ಮಾನ ತೆಗೆದುಕೊಳ್ಳುವವರು ಯಾರು, ಹೊರಗೆ ಮಾತಾಡುವವರು ಯಾರು. ಸಣ್ಣ ತಂಡದಲ್ಲಿ ಇಬ್ಬರೂ ಒಬ್ಬರೇ ಆಗಿರಬಹುದು. ಆಗ ಬರೆದದ್ದನ್ನು ಹಾಕುವ ಮುಂಚೆ ಓದಿ ನೋಡಲು ಹೊರಗಿನ ಒಬ್ಬರನ್ನು ಗೊತ್ತು ಮಾಡಿಕೊಳ್ಳಿ. ಗೆಳೆಯರಾದರೂ ಆದೀತು, "ಇದು ಸರಿಯಿಲ್ಲ" ಎಂದು ಮುಖಕ್ಕೆ ಹೇಳುವವರಾಗಿರಬೇಕು ಅಷ್ಟೇ.

## ಹಂತ 1: ಮೊದಲ ದಿನ ಬರೀ ಓದಿ

ಮೊದಲ ದಿನ ಉತ್ತರ ಬೇಡ. ಸುಮ್ನೆ ಓದಿ. ಬೆಲೆ, ದಿನಾಂಕ, ಯಾವ ಯಂತ್ರದಲ್ಲಿ ಓಡುತ್ತದೆ ಎಂಬಂಥ ನೇರ ಮಾಹಿತಿ ತಪ್ಪಾಗಿ ಹರಡುತ್ತಿದ್ದರೆ ಮಾತ್ರ ಒಂದು ಸಾಲಿನಲ್ಲಿ ತಿದ್ದಿ. ವಾದಕ್ಕೆ ಎಡೆ ಇರುವ ಯಾವುದನ್ನೂ ಮುಟ್ಟಬೇಡಿ.

ಬೆಂಕಿ ತೀರಾ ಜೋರಾಗಿದ್ದರೆ ಇಷ್ಟು ಹಾಕಬಹುದು: "ಟ್ರೈಲರ್ ಬಗ್ಗೆ ನೀವು ಬರೆದದ್ದನ್ನು ಓದುತ್ತಿದ್ದೇವೆ. ಗುರುವಾರ ಸಂಜೆಯೊಳಗೆ ವಿವರವಾಗಿ ಉತ್ತರಿಸುತ್ತೇವೆ." ದಿನ ಹೇಳಿದ ಮೇಲೆ ಆ ದಿನ ತಪ್ಪಿಸಬೇಡಿ. ಗುರುವಾರಕ್ಕೆ ಹೇಳುವಂಥದ್ದು ಏನೂ ಇಲ್ಲದಿದ್ದರೆ ಅದನ್ನೇ ಹೇಳಿ, ಹೊಸ ದಿನ ಕೊಡಿ.

ಇಲ್ಲಿ ಆಗುವ ತಪ್ಪು ಅಂದರೆ ತಂಡದವರೆಲ್ಲ ಕೂತು ಎಲ್ಲ ಕಮೆಂಟ್ ಓದುವುದು. ಆ ಪಾತ್ರವನ್ನು ಒಂದು ವರ್ಷ ಕೂತು ಚಿತ್ರಿಸಿದವರು "ಯಾರಪ್ಪಾ ಇದನ್ನ ಬಿಡಿಸಿದ್ದು" ಎಂಬುದನ್ನು ಇನ್ನೂರು ಸಲ ಓದಿದರೆ ಮುಂದಿನ ವಾರ ಕೆಲಸ ನಡೆಯುವುದಿಲ್ಲ. ಇಬ್ಬರು ಪಾಳಿ ಹಾಕಿಕೊಂಡು ಓದಲಿ. ಉಳಿದವರಿಗೆ ಶೀಟ್ ತಲುಪಿದರೆ ಸಾಕು.

## ಹಂತ 2: ಬರೆದಿಡಿ, ಆದರೆ ಎಣಿಸುವಾಗ ಹುಷಾರು

ಶೀಟ್‌ನಲ್ಲಿ ಆರು ಕಾಲಂ ಮಾಡಿ: ಟೀಕೆ ಏನು (ಅವರದೇ ಮಾತಿನಲ್ಲಿ), ಎಲ್ಲಿ ಕಂಡಿತು, ಹೇಳಿದವರು ಆಡಿದವರೋ ನೋಡಿದವರೋ, ಟ್ರೈಲರ್‌ನ ಯಾವ ಸೆಕೆಂಡ್ ಅಥವಾ ಡೆಮೊದ (ಮೊದಲೇ ಆಡಿ ನೋಡಲು ಕೊಟ್ಟ ತುಣುಕಿನ) ಯಾವ ಜಾಗ, ಯಾವ ಬಿಲ್ಡ್, ಯಾವ ಗುಂಪು. ಕೊನೆಯ ಕಾಲಂ ಸದ್ಯಕ್ಕೆ ಖಾಲಿ ಇರಲಿ.

ಮೂರನೇ ಕಾಲಂ ಎಲ್ಲಕ್ಕಿಂತ ಮುಖ್ಯ. ಡೆಮೊ ಆಡಿ ಬಂದ ಇಪ್ಪತ್ತು ಜನರ ಮಾತಿಗೂ ಟ್ರೈಲರ್‌ನ ಸ್ಕ್ರೀನ್‌ಶಾಟ್ ಮಾತ್ರ ನೋಡಿದ ಎರಡು ಸಾವಿರ ಜನರ ಮಾತಿಗೂ ತೂಕ ಬೇರೆ. ಇಬ್ಬರೂ ಬೇಕು. ಆದರೆ ಮೊದಲಿನವರು ಗೇಮ್ ಬಗ್ಗೆ ಹೇಳುತ್ತಿದ್ದಾರೆ, ಎರಡನೆಯವರು ನಿಮ್ಮ ಟ್ರೈಲರ್ ಬಗ್ಗೆ ಹೇಳುತ್ತಿದ್ದಾರೆ. ಸರಿಮಾಡಬೇಕಾದ ವಸ್ತುವೇ ಬೇರೆ ಆಗಬಹುದು.

ಇನ್ನೊಂದು ಸಂಗತಿ. ಒಬ್ಬ ಜನಪ್ರಿಯ ಯೂಟ್ಯೂಬರ್ ಒಂದು ಪದ ಬಳಸಿದರೆ, ಮಾರನೇ ದಿನ ಮುನ್ನೂರು ಕಮೆಂಟುಗಳಲ್ಲಿ ಅದೇ ಪದ ಇರುತ್ತದೆ. ಅದು ಮುನ್ನೂರು ಅಭಿಪ್ರಾಯ ಅಲ್ಲ. ವಿಡಿಯೊ ಬರುವ ಮುಂಚೆ ಜನ ಏನು ಹೇಳುತ್ತಿದ್ದರು ಎಂದು ಹಿಂದಕ್ಕೆ ಹೋಗಿ ನೋಡಿ. ಹಾಗಂತ ಆ ವಿಡಿಯೊವನ್ನು ತಳ್ಳಿಹಾಕಲೂಬೇಡಿ. ಎಲ್ಲರಿಗೂ ಅನ್ನಿಸಿ ಹೇಳಲು ಬಾರದೆ ಇದ್ದದ್ದಕ್ಕೆ ಆತ ಒಂದು ಹೆಸರು ಕೊಟ್ಟಿರಲೂಬಹುದು.

## ಹಂತ 3: ಗುಂಪು ಮಾಡಿ

ಈಗ ಕೊನೆಯ ಕಾಲಂ ತುಂಬಿಸಿ. ಆರು ಗುಂಪು ಸಾಕು: ದೋಷ, ಗೊಂದಲ, ರುಚಿ, ಹಣ, ನಂಬಿಕೆ, ಕಿರುಕುಳ. ಒಂದೊಂದಕ್ಕೂ ಮದ್ದು ಬೇರೆ. ಒಂದರ ಮದ್ದನ್ನು ಇನ್ನೊಂದಕ್ಕೆ ಕೊಟ್ಟರೆ ಟೀಕೆ ಹೆಚ್ಚಾಗುತ್ತದೆ.

ದೋಷ. ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತವೆ ಎಂಬ ಲೆಕ್ಕ) ಬೀಳುವುದು, ಪಾತ್ರದ ಪಾದ ನೆಲದ ಮೇಲೆ ಜಾರುವುದು, ಅಕ್ಷರ ಓದಲಾಗದಷ್ಟು ಚಿಕ್ಕದಾಗಿರುವುದು. ಇದು ಸುಲಭದ ಗುಂಪು. ಬಗ್ ಪಟ್ಟಿಗೆ ಸೇರಿಸಿ ಮುಂದೆ ಹೋಗಿ.

ಗೊಂದಲ. ಗೇಮ್‌ನಲ್ಲಿ ಇರುವುದು ಇಲ್ಲ ಎಂದೋ, ಇಲ್ಲದ್ದು ಇದೆ ಎಂದೋ ಜನ ತಿಳಿದಿರುವುದು. 2016ರ ಆಗಸ್ಟ್‌ನಲ್ಲಿ ನೋ ಮ್ಯಾನ್ಸ್ ಸ್ಕೈ ಬಂದಾಗ, ಇದರಲ್ಲಿ ಆಟಗಾರರು ಪರಸ್ಪರ ಭೇಟಿ ಆಗಬಹುದೇ ಎಂಬ ಪ್ರಶ್ನೆ ಕೊನೆಯವರೆಗೂ ತಿಳಿಯಾಗಿರಲಿಲ್ಲ. ಇದನ್ನು ಬೇರೆಯವರ ಜೊತೆ ಆಡುವ ಗೇಮ್ ಎಂದುಕೊಳ್ಳಬೇಡಿ ಎಂಬ ಮಾತು ಬಂದದ್ದು ಬಿಡುಗಡೆಯ ಹೊಸ್ತಿಲಲ್ಲಿ. ಬಿಡುಗಡೆಯಾದ ಕೂಡಲೇ ಇಬ್ಬರು ಆಟಗಾರರು ಒಂದೇ ಗ್ರಹದ ಒಂದೇ ಜಾಗಕ್ಕೆ ಹೋಗಿ ನಿಂತರು. ಒಬ್ಬರಿಗೊಬ್ಬರು ಕಾಣಲಿಲ್ಲ. ಅಷ್ಟು ಹೊತ್ತಿಗೆ ಗೊಂದಲ ನಂಬಿಕೆಯ ಪ್ರಶ್ನೆಯಾಗಿ ಬದಲಾಗಿತ್ತು. ಗೊಂದಲವನ್ನು ಬೇಗ ತಿಳಿಮಾಡದಿದ್ದರೆ ಅದು ಹೀಗೆಯೇ ಜಾತಿ ಬದಲಿಸುತ್ತದೆ.

ರುಚಿ. "ಈ ಬಣ್ಣ ಇಷ್ಟ ಆಗಲಿಲ್ಲ, ಮಕ್ಕಳ ಕಾರ್ಟೂನ್ ಥರ ಇದೆ." 2001ರಲ್ಲಿ ನಿಂಟೆಂಡೊ ತನ್ನ ಹೊಸ ಜೆಲ್ಡಾ ಗೇಮ್‌ನ ಕಾರ್ಟೂನ್ ಶೈಲಿ ತೋರಿಸಿದಾಗ ಅಭಿಮಾನಿಗಳು ಸಿಟ್ಟಾದರು. ಅದರ ಹಿಂದಿನ ವರ್ಷವಷ್ಟೇ ನೈಜವಾಗಿ ಕಾಣುವ ಒಂದು ತುಣುಕು ನೋಡಿ ಅವರು ಬೇರೇನೋ ಕಾದಿದ್ದರು. ನಿಂಟೆಂಡೊ ಶೈಲಿ ಬದಲಿಸಲಿಲ್ಲ. 2002ರ ಕೊನೆಗೆ ಜಪಾನ್‌ನಲ್ಲಿ ವಿಂಡ್ ವೇಕರ್ ಬಿಡುಗಡೆಯಾಯಿತು. ಆ ನೋಟವನ್ನು ಜನ ಇವತ್ತಿಗೂ ಮೆಚ್ಚುತ್ತಾರೆ. ರುಚಿಯ ಟೀಕೆಗೆ ಮಣಿಯಲೇಬೇಕೆಂದಿಲ್ಲ. ಆದರೆ "ಇದು ರುಚಿಯ ವಿಷಯ" ಎಂದು ಸಿಕ್ಕಿದ್ದನ್ನೆಲ್ಲ ಈ ಗುಂಪಿಗೆ ತುಂಬುವುದು ತಂಡಗಳ ಹಳೇ ಚಾಳಿ. ಅದಕ್ಕೇ ಮುಂದಿನ ಹಂತ ಇದೆ.

ಹಣ. ಅತಿ ಬೇಗ ಹೊತ್ತಿಕೊಳ್ಳುವ ಗುಂಪು. 2017ರ ನವೆಂಬರ್‌ನಲ್ಲಿ ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2 ಬಿಡುಗಡೆಗೆ ಕೆಲವೇ ದಿನ ಇತ್ತು. ಮುಂಚಿತವಾಗಿ ಆಡಿದವರು ಲೆಕ್ಕ ಹಾಕಿದರು: ಒಬ್ಬ ದೊಡ್ಡ ನಾಯಕನನ್ನು ಪಡೆಯಲು 60,000 ಕ್ರೆಡಿಟ್ (ಗೇಮ್ ಒಳಗಿನ ನಾಣ್ಯ) ಬೇಕು, ಅಷ್ಟು ಕೂಡಿಸಲು ಸುಮಾರು 40 ಗಂಟೆ ಆಡಬೇಕು. ಗೇಮ್‌ನ ಪ್ರಕಾಶಕ ಇಎ ಕಂಪನಿ ರೆಡಿಟ್ ಎಂಬ ಚರ್ಚಾ ತಾಣದಲ್ಲಿ ಉತ್ತರ ಕೊಟ್ಟಿತು. ಕಷ್ಟಪಟ್ಟು ಪಡೆದರೆ ಸಾಧನೆಯ ಖುಷಿ ಸಿಗುತ್ತದೆ ಎಂಬ ಧಾಟಿಯ ಉತ್ತರ. ಅದಕ್ಕೆ 6 ಲಕ್ಷಕ್ಕೂ ಜಾಸ್ತಿ ಡೌನ್‌ವೋಟ್ (ಹಿಡಿಸಲಿಲ್ಲ ಎಂಬ ಮತ) ಬಿದ್ದವು. ಮಾರನೇ ದಿನ ದೊಡ್ಡ ನಾಯಕರ ದರ 15,000ಕ್ಕೆ ಇಳಿಯಿತು. ಬೆಂಕಿ ಆರಲಿಲ್ಲ. ಬಿಡುಗಡೆಯ ಹಿಂದಿನ ದಿನ ಗೇಮ್ ಒಳಗಿನ ಖರೀದಿಯನ್ನೇ ಸದ್ಯಕ್ಕೆ ನಿಲ್ಲಿಸಿದರು.

ಜನ ಅಂಕಿ ಹಿಡಿದು ಕೇಳಿದ್ದರು, ಕಂಪನಿ ಭಾವನೆಯಲ್ಲಿ ಉತ್ತರಿಸಿತು. ಹಣದ ಟೀಕೆಗೆ ಉತ್ತರ ಅಂಕಿಯಲ್ಲೇ ಇರಬೇಕು. ಬೆಲೆ ಎಷ್ಟು, ಏನೇನು ಸಿಗುತ್ತದೆ, ದುಡ್ಡು ಕೊಡದೆ ಪಡೆಯಲು ಎಷ್ಟು ಹೊತ್ತು ಬೇಕು. ಇವುಗಳಲ್ಲಿ ಒಂದನ್ನಾದರೂ ಬಾಯಿಬಿಟ್ಟು ಹೇಳಲು ನಿಮಗೆ ಮುಜುಗರ ಆಗುತ್ತಿದ್ದರೆ, ಬದಲಿಸಬೇಕಾದ್ದು ಅದೇ.

ನಂಬಿಕೆ. ಹೇಳಿದ್ದು ಒಂದು, ತೋರಿಸುತ್ತಿರುವುದು ಇನ್ನೊಂದು ಎಂಬ ದೂರು. ವಾಚ್ ಡಾಗ್ಸ್ ಗೇಮ್ 2012ರಲ್ಲಿ ತೋರಿಸಿದ ದೃಶ್ಯಕ್ಕೂ 2014ರಲ್ಲಿ ಕೈಗೆ ಸಿಕ್ಕಿದ್ದಕ್ಕೂ ಇದ್ದ ಅಂತರವನ್ನು ಜನ ವರ್ಷಗಟ್ಟಲೆ ಎತ್ತಿ ಆಡಿದರು. ಬೇರೆಯವರ ಕಲೆ ಕದ್ದಿದ್ದೀರಿ ಎಂಬ ದೂರೂ ಇದೇ ಗುಂಪಿಗೆ ಸೇರುತ್ತದೆ. 2025ರ ಮೇ ತಿಂಗಳಲ್ಲಿ ಮ್ಯಾರಥಾನ್ ಗೇಮ್‌ನ ಪರೀಕ್ಷಾ ಆವೃತ್ತಿಯಲ್ಲಿ ತನ್ನ ವಿನ್ಯಾಸಗಳಿವೆ ಎಂದು ಒಬ್ಬ ಕಲಾವಿದೆ ತೋರಿಸಿಕೊಟ್ಟಾಗ, ಬಂಗೀ ಸ್ಟುಡಿಯೊ ಪರಿಶೀಲಿಸಿ ಒಪ್ಪಿಕೊಳ್ಳಬೇಕಾಯಿತು. ಎಐ ಬಳಸಿದ್ದೀರಾ ಎಂಬ ಪ್ರಶ್ನೆಯೂ ಇಲ್ಲೇ ಬರುತ್ತದೆ. ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್ 2024ರ ಜನವರಿಯಿಂದ ಇದನ್ನು ಸ್ಟೋರ್ ಪೇಜ್‌ನಲ್ಲಿ ಬಹಿರಂಗವಾಗಿ ಹೇಳಲು ವ್ಯವಸ್ಥೆ ಮಾಡಿದೆ. ನಿಮ್ಮ ಟ್ರೈಲರ್‌ನಲ್ಲಿ ಜನ ಎಐ ಬಿಡಿಸಿದ ಆರು ಬೆರಳಿನ ಕೈ ಹುಡುಕಿ ತೋರಿಸುವ ಮುಂಚೆ ನೀವೇ ಹೇಳಿಬಿಡುವುದು ಒಳ್ಳೇದು.

ಕಿರುಕುಳ. ಬೆದರಿಕೆ, ತಂಡದ ಒಬ್ಬರ ಮನೆ ವಿಳಾಸ ಹಾಕುವುದು, ಜಾತಿ, ಲಿಂಗ, ಬಣ್ಣ ಹಿಡಿದು ಬೈಯುವುದು. ಇದು ಟೀಕೆಯೇ ಅಲ್ಲ. ಸ್ಕ್ರೀನ್‌ಶಾಟ್ ತೆಗೆದು ಲಿಂಕ್, ಸಮಯ ಸಮೇತ ಬೇರೆ ಫೋಲ್ಡರಿನಲ್ಲಿ ಇಡಿ. ವೇದಿಕೆಗೆ ವರದಿ ಮಾಡಿ, ಜೀವಬೆದರಿಕೆ ಇದ್ದರೆ ಪೊಲೀಸರಿಗೂ ತಿಳಿಸಿ. ಒಂದು ಎಚ್ಚರಿಕೆ: ಕಿರುಕುಳ ಇದೆ ಎಂಬುದನ್ನು ಉಳಿದ ಟೀಕೆಗೆ ಉತ್ತರ ತಪ್ಪಿಸಿಕೊಳ್ಳುವ ನೆಪ ಮಾಡಬೇಡಿ. ಫ್ರೇಮ್ ರೇಟ್ ಬಗ್ಗೆ ಕೇಳಿದವರಿಗೆ "ನಮ್ಮ ಮೇಲೆ ದ್ವೇಷ ಕಾರುತ್ತಿದ್ದಾರೆ" ಎಂದರೆ, ಸಭ್ಯವಾಗಿ ಕೇಳಿದವರೂ ಎದುರುಗುಂಪಿಗೆ ಸೇರುತ್ತಾರೆ.

## ಹಂತ 4: ಮಾತಿನ ಹಿಂದಿನ ಕಾರಣ ಹುಡುಕಿ

ಏನೋ ಸರಿಯಿಲ್ಲ ಎಂಬುದು ಆಟಗಾರರಿಗೆ ಚೆನ್ನಾಗಿ ಗೊತ್ತಾಗುತ್ತದೆ. ಯಾಕೆ ಸರಿಯಿಲ್ಲ, ಹೇಗೆ ಸರಿಮಾಡಬೇಕು ಎಂದು ಅವರು ಹೇಳುವುದು ಅನೇಕ ಸಲ ತಪ್ಪಿರುತ್ತದೆ. ಅದು ಅವರ ಕೆಲಸವೂ ಅಲ್ಲ, ನಿಮ್ಮದು.

ಒಂದು ಉದಾಹರಣೆ ಬಿಡಿಸಿ ನೋಡೋಣ. "ಇದು ಮೊಬೈಲ್ ಗೇಮ್ ಥರ ಕಾಣ್ತಿದೆ." ಪಿಸಿ ಗೇಮ್ ಮಾಡುವವರಿಗೆ ಪದೇ ಪದೇ ಬೀಳುವ ಪೆಟ್ಟು ಇದು. ಮೊದಲ ನೋಟಕ್ಕೆ ರುಚಿಯ ವಿಷಯ ಅನ್ನಿಸುತ್ತದೆ. ಟ್ರೈಲರನ್ನು ಆ ಸೆಕೆಂಡಿನಲ್ಲಿ ನಿಲ್ಲಿಸಿ ನೋಡಿ. ಪಾತ್ರದ ಪಾದದ ಕೆಳಗೆ ನೆರಳು ಇದೆಯೇ? ಇಲ್ಲದಿದ್ದರೆ ಪಾತ್ರ ನೆಲದ ಮೇಲೆ ತೇಲಿದಂತೆ ಕಾಣುತ್ತದೆ. ಬೆಳಕು ಎಲ್ಲ ಕಡೆಯಿಂದ ಸಮನಾಗಿ ಬೀಳುತ್ತಿದೆಯೇ? ಹಾಗಿದ್ದರೆ ಕಲ್ಲು, ಚರ್ಮ, ಬಟ್ಟೆ ಎಲ್ಲವೂ ಪ್ಲಾಸ್ಟಿಕ್ ಆಗುತ್ತವೆ. ಪರದೆಯ ಮೇಲಿನ ಗುಂಡಿಗಳು ಬೆರಳಿನಲ್ಲಿ ಒತ್ತುವಷ್ಟು ದೊಡ್ಡದಾಗಿವೆಯೇ? ಮೇಲಿನ ಮೂಲೆಯಲ್ಲಿ ನಾಣ್ಯ, ರತ್ನ, ಶಕ್ತಿ ಎಂದು ಮೂರು ಎಣಿಕೆ ಒಟ್ಟಿಗೆ ಕೂತಿವೆಯೇ? ಈ ಕೊನೆಯದೊಂದೇ ಸಾಕು, ನೋಡಿದವರ ತಲೆಯಲ್ಲಿ "ದುಡ್ಡು ಕೀಳುವ ಗೇಮ್" ಎಂಬ ಗಂಟೆ ಬಾರಿಸುತ್ತದೆ. ಆ ರತ್ನಗಳು ನಿಮ್ಮ ಗೇಮ್‌ನಲ್ಲಿ ಪುಕ್ಕಟೆ ಸಿಗುತ್ತಿರಬಹುದು. ಅದು ಅವರಿಗೆ ಹೇಗೆ ಗೊತ್ತಾಗಬೇಕು?

ನೋಡಿ, ಒಂದೇ ಮಾತಿನ ಹಿಂದೆ ನಾಲ್ಕು ಕಾರಣ. ನೆರಳು ಹಾಕುವುದು ಒಂದು ದಿನದ ಕೆಲಸ ಇರಬಹುದು, ಬೆಳಕು ಬದಲಿಸುವುದು ಎರಡು ತಿಂಗಳಿನದು, ಎಣಿಕೆಗಳನ್ನು ಮೆನುವಿನೊಳಗೆ ಸರಿಸುವುದು ಅರ್ಧ ದಿನದ್ದು. "ಶೈಲಿ ನಮ್ಮ ಇಷ್ಟ" ಎಂದು ಸುಮ್ಮನಾಗಿದ್ದರೆ ಈ ಅರ್ಧ ದಿನದ ಕೆಲಸವೂ ಕೈತಪ್ಪುತ್ತಿತ್ತು.

ದೊಡ್ಡ ಸ್ಟುಡಿಯೊಗಳಲ್ಲೂ ಇದು ನಡೆದಿದೆ. 2020ರ ಜುಲೈನಲ್ಲಿ ಹ್ಯಾಲೋ ಇನ್ಫಿನಿಟ್‌ನ ಆಟ ತೋರಿಸಿದಾಗ ಜನ ಒಬ್ಬ ಶತ್ರುವಿನ ಸಪ್ಪೆ ಮುಖವನ್ನು ಹಿಡಿದು ಮೀಮ್ ಮಾಡಿದರು, ಅವನಿಗೆ ಕ್ರೇಗ್ ಎಂದು ಹೆಸರೂ ಇಟ್ಟರು. ಗೇಮ್ ಮಾಡುತ್ತಿದ್ದ 343 ಇಂಡಸ್ಟ್ರೀಸ್ ಸ್ಟುಡಿಯೊ ಆ ಮುಖಕ್ಕೆ ಮಾತ್ರ ತೇಪೆ ಹಾಕಿ ಕೈತೊಳೆದುಕೊಳ್ಳಲಿಲ್ಲ. ಬೆಳಕು ಮಂಕಾಗಿದೆ, ವಸ್ತುಗಳು ಪ್ಲಾಸ್ಟಿಕ್‌ನಂತಿವೆ, ದೂರದ ವಸ್ತುಗಳು ತಟ್ಟನೆ ಪ್ರತ್ಯಕ್ಷವಾಗುತ್ತಿವೆ ಎಂಬ ದೂರುಗಳನ್ನು ಬಿಡಿಬಿಡಿಯಾಗಿ ಹೆಸರಿಸಿ, ಯಾವುದು ತಾವು ಬೇಕೆಂದೇ ಆರಿಸಿದ ಶೈಲಿ, ಯಾವುದು ಮುಗಿಯದ ಕೆಲಸ ಎಂದು ಬರೆಯಿತು. ಆ ವರ್ಷದ ಕೊನೆಗೆ ಬರಬೇಕಿದ್ದ ಗೇಮ್ ಬಂದದ್ದು 2021ರ ಡಿಸೆಂಬರ್ 8ಕ್ಕೆ.

## ಹಂತ 5: ಒಳಗೆ ತೀರ್ಮಾನ ಮಾಡಿ

ಶೀಟ್ ಮತ್ತು ಕ್ಯಾಲೆಂಡರ್ ಪಕ್ಕಪಕ್ಕ ತೆರೆದಿಟ್ಟು ಕೂರಿ. ಪ್ರತಿ ಸಾಲಿಗೆ ಇವುಗಳಲ್ಲಿ ಒಂದು ಉತ್ತರ ಬರೆಯಿರಿ: ಬಿಡುಗಡೆಗೆ ಮೊದಲೇ ಸರಿಯಾಗುತ್ತದೆ, ಬಿಡುಗಡೆಯ ನಂತರ ಸರಿಯಾಗುತ್ತದೆ, ಬದಲಾಗುವುದಿಲ್ಲ. "ನೋಡೋಣ" ಎಂಬ ನಾಲ್ಕನೆಯದು ಬೇಡವೇ ಬೇಡ. ಅದು ಹೊರಗೆ ಹೋಗುವಾಗ "ಖಂಡಿತ ಮಾಡುತ್ತೇವೆ" ಎಂದು ಕೇಳಿಸುತ್ತದೆ.

ಕೊನೆಯ ವಾರಗಳಲ್ಲಿ ದೊಡ್ಡದಕ್ಕೆ ಕೈಹಾಕಬೇಡಿ. ಟೀಕೆಗೆ ಹೆದರಿ ಕ್ಯಾಮೆರಾ ಎತ್ತರ ಬದಲಿಸಿದರೆ, ಗೋಡೆಗಳ ಮೇಲೆ ಕಾಣಬಾರದ್ದು ಕಾಣುತ್ತದೆ, ಜಿಗಿತದ ಅಂದಾಜು ತಪ್ಪುತ್ತದೆ, ಪರೀಕ್ಷೆ ಮಾಡಿ ಮುಗಿದ ಗೇಮ್‌ನ ಹತ್ತು ಹಂತಗಳನ್ನು ಮತ್ತೆ ಆಡಿ ನೋಡಬೇಕಾಗುತ್ತದೆ.

"ಬಿಡುಗಡೆಗೆ ಮೊದಲು ಆಗಲೇಬೇಕು" ಎಂಬ ಸಾಲುಗಳು ಕ್ಯಾಲೆಂಡರ್‌ನಲ್ಲಿ ಹಿಡಿಸದಿದ್ದರೆ ಉಳಿಯುವುದು ಮುಂದೂಡುವುದೊಂದೇ. ಮುಂದೂಡುವುದಾದರೆ ಒಂದೇ ಸಲ, ಸಾಕಷ್ಟು ದೂರಕ್ಕೆ. ಸೈಬರ್‌ಪಂಕ್ 2077 ತಂಡ 2020ರ ಅಕ್ಟೋಬರ್ ಆರಂಭದಲ್ಲಿ ಗೇಮ್ ಮುಗಿಯಿತು ಎಂದು ಸಾರಿತು. ಅದೇ ತಿಂಗಳ ಕೊನೆಗೆ ಮತ್ತೆ 21 ದಿನ ಮುಂದಕ್ಕೆ ಹಾಕಿತು. ಆ ವರ್ಷ ಅದು ಮೊದಲ ಮುಂದೂಡಿಕೆಯೂ ಆಗಿರಲಿಲ್ಲ. ಇಷ್ಟಾದರೂ ಡಿಸೆಂಬರ್‌ನಲ್ಲಿ ಹಳೆಯ ಕನ್ಸೋಲ್‌ಗಳಲ್ಲಿ ಅದು ತೀರಾ ಕೆಟ್ಟದಾಗಿ ಓಡಿತು.

## ಹಂತ 6: ಈಗ ಉತ್ತರ ಬರೆಯಿರಿ

ಉತ್ತರದಲ್ಲಿ ನಾಲ್ಕು ಸಂಗತಿ ಇರಬೇಕು. ನಾವು ಕೇಳಿಸಿಕೊಂಡದ್ದು ಏನು, ಅದರಲ್ಲಿ ನಿಜ ಎಷ್ಟು, ಏನು ಮಾಡುತ್ತೇವೆ ಮತ್ತು ಏನು ಮಾಡುವುದಿಲ್ಲ, ಮುಂದಿನ ಸುದ್ದಿ ಯಾವಾಗ. ಡೆಮೊದಲ್ಲಿ ಓಡುವಾಗ ಕ್ಯಾಮೆರಾ ಅಲುಗಾಡಿ ತಲೆ ಸುತ್ತುತ್ತದೆ ಎಂಬ ದೂರು ಬಂದಿದೆ ಎಂದಿಟ್ಟುಕೊಳ್ಳಿ. ತಂಡಗಳು ಸಾಮಾನ್ಯವಾಗಿ ಬರೆಯುವುದು ಹೀಗೆ:

"ಪ್ರೀತಿಯ ಗೆಳೆಯರೇ, ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ. ಕ್ಯಾಮೆರಾ ಬಗ್ಗೆ ಕೆಲವರಿಗೆ ಅಸಮಾಧಾನ ಆಗಿರಬಹುದು. ಡೆಮೊ ಹಳೆಯ ಬಿಲ್ಡ್. ಅಂತಿಮ ಗೇಮ್ ಅದ್ಭುತವಾಗಿರಲಿದೆ. ನಮ್ಮ ಪುಟ್ಟ ತಂಡ ಹಗಲಿರುಳು ದುಡಿಯುತ್ತಿದೆ, ಬೆಂಬಲಿಸಿ."

ಇದರಲ್ಲಿ ಮಾಹಿತಿ ಒಂದೂ ಇಲ್ಲ. "ಆಗಿರಬಹುದು" ಅಂದರೆ ಆಗಿದೆಯೋ ಇಲ್ಲವೋ ಅನುಮಾನ ಎಂದಾಯಿತು. "ಹಳೆಯ ಬಿಲ್ಡ್" ಎಂದ ಕೂಡಲೇ ಓದುವವರು ಕೇಳುತ್ತಾರೆ: ಹಾಗಿದ್ದರೆ ಹೊಸದನ್ನೇ ಯಾಕೆ ಕೊಡಲಿಲ್ಲ? ಕಷ್ಟ ಹೇಳಿಕೊಂಡದ್ದರಿಂದ ತಲೆಸುತ್ತು ನಿಲ್ಲುವುದಿಲ್ಲ. ಅದೇ ವಿಷಯವನ್ನು ಹೀಗೆ ಬರೆಯಬಹುದು:

"ಓಡುವಾಗ ಕ್ಯಾಮೆರಾ ಅಲುಗಾಡಿ ತಲೆ ಸುತ್ತುತ್ತದೆ ಎಂದು ಡೆಮೊ ಆಡಿದ ತುಂಬಾ ಜನ ಹೇಳಿದ್ದೀರಿ. ಪರೀಕ್ಷಿಸಿ ನೋಡಿದೆವು, ನಿಜ. ಅಲುಗಾಟ ಪೂರ್ತಿ ನಿಲ್ಲಿಸುವ ಆಯ್ಕೆಯನ್ನು ಸೆಟ್ಟಿಂಗ್ಸ್‌ಗೆ ಸೇರಿಸಿದ್ದೇವೆ. ಶುಕ್ರವಾರದ ಡೆಮೊ ಅಪ್‌ಡೇಟ್‌ನಲ್ಲಿ ಸಿಗುತ್ತದೆ. ನೋಟದ ಅಗಲ ಹೊಂದಿಸುವ ಸ್ಲೈಡರ್ ಬಿಡುಗಡೆಯ ದಿನಕ್ಕೆ ಆಗುವುದಿಲ್ಲ. ಅದರ ಬಗ್ಗೆ ಶುಕ್ರವಾರ ಇಲ್ಲೇ ತಿಳಿಸುತ್ತೇವೆ."

ಕ್ಷಮೆ ಎರಡು ಸಲ ಕೇಳಬೇಡಿ, ಬೇಕಾದ ಕಡೆ ಒಂದು ಸಲ ಸಾಕು. "ನಿಜವಾದ ಅಭಿಮಾನಿಗಳಿಗೆ ಅರ್ಥ ಆಗುತ್ತದೆ" ಎಂಬ ಸಾಲು ಕಂಡರೆ ಅಳಿಸಿ. ತಮಾಷೆಯೂ ಬೇಡ. 2018ರಲ್ಲಿ ಬ್ಲಿಜರ್ಡ್ ಕಂಪನಿಯ ಅಭಿಮಾನಿಗಳ ಸಮ್ಮೇಳನ ಬ್ಲಿಜ್‌ಕಾನ್ ವೇದಿಕೆಯಲ್ಲಿ ಡಯಾಬ್ಲೊ ಇಮ್ಮಾರ್ಟಲ್ ಮೊಬೈಲ್‌ಗೆ ಬರುತ್ತದೆ ಎಂದಾಗ, ಪಿಸಿಗೆ ಬರುತ್ತದೆಯೇ ಎಂದು ಪ್ರೇಕ್ಷಕರು ಕೇಳಿದರು. ಅಂಥ ಯೋಜನೆ ಇಲ್ಲ ಎಂಬ ಉತ್ತರಕ್ಕೆ ಗುಂಪು ಗೊಣಗಿತು. ಯಾಕೆ, ನಿಮ್ಮ ಹತ್ತಿರ ಫೋನ್ ಇಲ್ವಾ ಎಂಬರ್ಥದ ಮಾತು ವೇದಿಕೆಯಿಂದ ಬಂತು. ಆ ಒಂದು ಮಾತು ಗೇಮ್‌ಗಿಂತ ಹೆಚ್ಚು ಪ್ರಸಿದ್ಧಿ ಪಡೆಯಿತು. 2022ರ ಜೂನ್‌ನಲ್ಲಿ ಗೇಮ್ ಬಂದಾಗ ಪಿಸಿ ಆವೃತ್ತಿಯೂ ಜೊತೆಗೇ ಬಂತು ಅನ್ನುವುದು ಬೇರೆ ಮಾತು.

## ಹಂತ 7: ಒಂದೇ ಜಾಗದಲ್ಲಿ ಹಾಕಿ, ಅಲ್ಲಿಂದ ಕದಲಬೇಡಿ

ಉತ್ತರ ಒಂದು ಕಡೆ ಇರಲಿ. ಉಳಿದ ಕಡೆಗೆಲ್ಲ ಅದರ ಲಿಂಕ್ ಹೋಗಲಿ. ಐದು ಜಾಗದಲ್ಲಿ ಐದು ರೀತಿ ಬರೆದರೆ, ಮೂರನೆಯದಕ್ಕೂ ಐದನೆಯದಕ್ಕೂ ಇರುವ ವ್ಯತ್ಯಾಸವನ್ನು ಯಾರಾದರೂ ಹಿಡಿದೇ ಹಿಡಿಯುತ್ತಾರೆ.

ಕೆಳಗೆ ಬರುವ ಪ್ರಶ್ನೆಗಳಿಗೆ ಉತ್ತರಿಸಿ, ವಾದಗಳಿಗೆ ಬೇಡ. ಒಬ್ಬರಿಗೆ ಎರಡು ಸಲಕ್ಕಿಂತ ಹೆಚ್ಚು ಉತ್ತರ ಬೇಡ. ತಂಡದ ಉಳಿದವರು ಸ್ವಂತ ಖಾತೆಯಿಂದ ಬರೆಯಬೇಕೆನ್ನಿಸಿದರೆ ಲಿಂಕ್ ಹಂಚಲಿ, ಅದಕ್ಕಿಂತ ಮುಂದೆ ಬೇಡ.

ಬೈಗುಳ ಅಳಿಸಿ, ಟೀಕೆ ಅಳಿಸಬೇಡಿ. ಮಾಡರೇಟರ್‌ಗಳಿಗೆ ಈ ಎರಡರ ಗೆರೆ ಎಲ್ಲಿದೆ ಎಂದು ಬರಹದಲ್ಲಿ ಕೊಡಿ. "ಈ ಗೇಮ್ ಕಸ" ಎಂಬುದು ಉಳಿಯಬೇಕು. ತಂಡದವರೊಬ್ಬರ ಹೆಸರು ಹಿಡಿದು ಬೈದದ್ದು ಹೋಗಬೇಕು. ಟೀಕಿಸಿದ ವಿಡಿಯೊ ಮೇಲೆ ಕಾಪಿರೈಟ್ ದೂರು ಹಾಕುವ ಯೋಚನೆ ಬಂದರೆ ಅಲ್ಲೇ ಬಿಡಿ. ಹತ್ತು ಸಾವಿರ ಜನ ನೋಡುತ್ತಿದ್ದ ವಿಡಿಯೊವನ್ನು ಹತ್ತು ಲಕ್ಷ ಜನ ಹುಡುಕಿಕೊಂಡು ಬರುವಂತೆ ಮಾಡುವ ನೇರ ದಾರಿ ಅದು.

## ಹಂತ 8: ಮಾತಾಡಿದ್ದು ಸಾಕು, ತೋರಿಸಿ

ದೃಶ್ಯದ ಬಗ್ಗೆ ಟೀಕೆ ಬಂದಿದ್ದರೆ ಅದೇ ಜಾಗದ, ಅದೇ ಕೋನದ ಹೊಸ ವಿಡಿಯೊ ಹಾಕಿ. ಕತ್ತರಿಸದೆ, ಸಂಗೀತ ತುಂಬದೆ, ಯಾವ ಯಂತ್ರದಲ್ಲಿ ಓಡುತ್ತಿದೆ ಎಂದು ಬರೆದು ಹಾಕಿ. ಆಟದ ಬಗ್ಗೆ ಬಂದಿದ್ದರೆ ಡೆಮೊ ಅಪ್‌ಡೇಟ್ ಮಾಡಿ.

2018ರಲ್ಲಿ ಸ್ಪೈಡರ್ ಮ್ಯಾನ್ ಬಿಡುಗಡೆಗೆ ಮೊದಲು, ಹಿಂದಿನ ವರ್ಷ ತೋರಿಸಿದ್ದ ನೀರಿನ ಕೊಚ್ಚೆಗುಂಡಿಗಳು ಈಗ ಚಿಕ್ಕದಾಗಿವೆ, ಗುಣಮಟ್ಟ ಇಳಿಸಿದ್ದಾರೆ ಎಂಬ ಗುಲ್ಲು ಎದ್ದಿತು. ಇನ್‌ಸಾಮ್ನಿಯಾಕ್ ಸ್ಟುಡಿಯೊ ಚಿಕ್ಕದಾಗಿ ಹೇಳಿತು: ಗುಂಡಿಗಳ ಗಾತ್ರವಷ್ಟೇ ಬದಲಾಗಿದೆ, ಗುಣಮಟ್ಟ ಇಳಿದಿಲ್ಲ. ಗೇಮ್ ಕೈಗೆ ಸಿಕ್ಕ ಮೇಲೆ ಮಾತು ತಾನಾಗಿ ನಿಂತಿತು. ಆಮೇಲೆ ಅವರೇ ಫೋಟೊ ಮೋಡ್‌ಗೆ (ಗೇಮ್ ಒಳಗೆ ಚಿತ್ರ ತೆಗೆಯುವ ಸೌಲಭ್ಯಕ್ಕೆ) ಕೊಚ್ಚೆಗುಂಡಿಯ ಸ್ಟಿಕ್ಕರ್ ಸೇರಿಸಿ ನಕ್ಕರು. ತಮಾಷೆಗೆ ಅದು ಸರಿಯಾದ ಹೊತ್ತು.

ಕೆಟ್ಟದಾಗಿ ಓಡುವ ಆವೃತ್ತಿಯನ್ನು ಬಚ್ಚಿಡಬೇಡಿ. ಸೈಬರ್‌ಪಂಕ್ ವಿಮರ್ಶಕರಿಗೆ ಮುಂಚಿತವಾಗಿ ಸಿಕ್ಕಿದ್ದು ಪಿಸಿ ಆವೃತ್ತಿ ಮಾತ್ರ. ಬಿಡುಗಡೆಯಾಗಿ ಒಂದು ವಾರದಲ್ಲಿ ಸೋನಿ ಅದನ್ನು ಪ್ಲೇಸ್ಟೇಷನ್ ಸ್ಟೋರ್‌ನಿಂದ ತೆಗೆಯಿತು. ಮತ್ತೆ ಬಂದದ್ದು 2021ರ ಜೂನ್‌ಗೆ.

ಸ್ಟೀಮ್‌ನಲ್ಲಿ ಗೇಮ್ ಕೊಂಡವರು 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಅಂದರೆ ಟೀಕೆಗೆ ನೀವು ಕೊಟ್ಟ ಉತ್ತರ ನಿಜವೋ ಸುಳ್ಳೋ ಎಂಬುದನ್ನು ಜನ ಪರೀಕ್ಷಿಸುವುದು ಮೊದಲ ಎರಡು ಗಂಟೆಯಲ್ಲಿ. ಸರಿಮಾಡಿದ್ದು ಮೂರನೇ ಗಂಟೆಯಲ್ಲಿ ಕಾಣಿಸಿದರೆ ಪ್ರಯೋಜನ ಕಡಿಮೆ.

## ಕೆಂಪು ದೀಪ ಯಾವಾಗ?

ನೀವು ಉತ್ತರ ಕೊಟ್ಟ ಮೇಲೂ ಅದೇ ಪ್ರಶ್ನೆ ಮೂರನೇ ಸಲ ಬಂದರೆ ಉತ್ತರದಲ್ಲೇ ತೊಂದರೆ ಇದೆ, ಮತ್ತೆ ಬರೆಯಿರಿ. ನಿಮ್ಮ ಉತ್ತರದ ಒಂದು ಸಾಲನ್ನು ಜನ ಗಾದೆಯಂತೆ ಬಳಸತೊಡಗಿದರೆ ಅದನ್ನು ಸಮರ್ಥಿಸಲು ಹೋಗಬೇಡಿ. ಟ್ರೈಲರ್ ನೋಡಿದವರು ಹೇಳಿದ್ದನ್ನೇ ಡೆಮೊ ಆಡಿದವರೂ ಹೇಳುತ್ತಿದ್ದರೆ ಅದು ಟ್ರೈಲರ್ ಸಮಸ್ಯೆ ಅಲ್ಲ, ಹಂತ 5ಕ್ಕೆ ಹಿಂದಿರುಗಿ. ವಿಷ್‌ಲಿಸ್ಟ್‌ನಿಂದ (ಮುಂದೆ ಕೊಳ್ಳಲು ಗುರುತು ಹಾಕಿಟ್ಟ ಪಟ್ಟಿಯಿಂದ) ನಿಮ್ಮ ಗೇಮ್ ತೆಗೆದುಹಾಕುವವರ ಸಂಖ್ಯೆ ಒಂದೇ ಸಮ ಏರುತ್ತಿದ್ದರೂ ಅಷ್ಟೇ. ಗಲಾಟೆ ಜೋರಾಗಿದ್ದೂ ಈ ಸಂಖ್ಯೆ ಅಲುಗಾಡದಿದ್ದರೆ, ಕೂಗುತ್ತಿರುವವರು ನಿಮ್ಮ ಗೇಮ್ ಕೊಳ್ಳುವವರಲ್ಲ ಎಂದು ಅನುಮಾನಿಸಲು ಕಾರಣ ಇದೆ.

ಇನ್ನೊಂದನ್ನು ಯಾರೂ ಗಮನಿಸುವುದಿಲ್ಲ. ಜಗಳ ಆಡುತ್ತಿದ್ದವರೆಲ್ಲ ತಟ್ಟನೆ ಮೌನವಾದರೆ, ಎಲ್ಲ ಸರಿಹೋಯಿತು ಎಂದುಕೊಳ್ಳಬೇಡಿ. ಬೇಸತ್ತು ಹೋಗಿರಬಹುದು. ಡೆಮೊ ಆಡುವವರ ಸಂಖ್ಯೆಯೂ ಬಿದ್ದಿದೆಯೇ ನೋಡಿ.

## ಹಂತ 9: ಕೊನೆಯ ಎರಡು ವಾರ

ಸ್ಟೀಮ್‌ನಲ್ಲಿ ಬಿಡುಗಡೆಗೆ ಮೊದಲು "ಶೀಘ್ರದಲ್ಲೇ" ಪೇಜ್ ಕನಿಷ್ಠ ಎರಡು ವಾರ ಎಲ್ಲರಿಗೂ ಕಾಣುವಂತೆ ಇರಲೇಬೇಕು. ಆ ಪೇಜನ್ನು ಈಗ ಸಾಲು ಸಾಲಾಗಿ ಓದಿ. ಮಾತುಗಳ ಪಟ್ಟಿ ಪಕ್ಕದಲ್ಲಿರಲಿ. ಕೈಬಿಟ್ಟ ಅಂಶದ ಸ್ಕ್ರೀನ್‌ಶಾಟ್ ಇನ್ನೂ ಇದ್ದರೆ ತೆಗೆಯಿರಿ. ಕನಿಷ್ಠ ಯಂತ್ರದ ವಿವರ ನೀವು ನಿಜಕ್ಕೂ ಓಡಿಸಿ ನೋಡಿದ್ದೇ ಆಗಿರಲಿ.

ಬಳಿಕ ಎರಡು ಪಟ್ಟಿ ಪ್ರಕಟಿಸಿ. ಮೊದಲನೆಯದು ಗೊತ್ತಿರುವ ದೋಷಗಳದ್ದು. ಎರಡನೆಯದು "ಈ ಗೇಮ್‌ನಲ್ಲಿ ಇಲ್ಲದ್ದು": ಆನ್‌ಲೈನ್ ಆಟ ಇಲ್ಲ, ಕಂಟ್ರೋಲರ್ ಗುಂಡಿ ಬದಲಿಸುವ ಸೌಲಭ್ಯ ಮೊದಲ ದಿನ ಇಲ್ಲ, ಇಂತಿಂಥ ಭಾಷೆ ಇಲ್ಲ. ಮಾರ್ಕೆಟಿಂಗ್ ನೋಡಿಕೊಳ್ಳುವವರು ಈ ಎರಡನೇ ಪಟ್ಟಿ ಬೇಡ ಎನ್ನುತ್ತಾರೆ. ಹಾಕಿ. ಇದರಿಂದ ನಾಲ್ಕು ಜನ ಕೊಳ್ಳದೆ ಹೋಗಬಹುದು. ಅವರು ಹೇಗೂ ಒಂದು ಗಂಟೆ ಆಡಿ, ಕೆಟ್ಟ ವಿಮರ್ಶೆ ಬರೆದು, ದುಡ್ಡು ವಾಪಸ್ ಪಡೆಯುತ್ತಿದ್ದವರು.

ಬಿಡುಗಡೆಯ ಹಿಂದಿನ ದಿನ ಹಳೇ ಶೀಟ್ ಮುಚ್ಚಿ ಹೊಸದು ತೆರೆಯಿರಿ. "ನಂತರ ಸರಿಯಾಗುತ್ತದೆ" ಎಂದು ಬರೆದ ಸಾಲುಗಳನ್ನು, ಕೊಟ್ಟ ದಿನಾಂಕ ಸಮೇತ, ಅದರ ಮೇಲ್ಭಾಗಕ್ಕೆ ನಕಲು ಮಾಡಿ. ಮೊದಲ ಪ್ಯಾಚ್‌ನ (ಬಿಡುಗಡೆಯ ನಂತರ ಕೊಡುವ ತಿದ್ದುಪಡಿಯ) ಕೆಲಸ ಅಲ್ಲಿಂದ ಶುರು.